ಮಗನ ಗುಡ್ಡ

ಬಿಳಿಗಲ್ಲೂರಿನ ಪಡುವಣಕ್ಕೆ, ವೇದಾವತಿಯ ದಂಡೆಯ ಮೇಲೆ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯಲ್ಲಿ ಈಗ ಪುರಾತತ್ತ್ವದವರ ತಂತಿಬೇಲಿ, ಬೇಲಿಯೊಳಗೆ ಅಗೆದು ಬಿಟ್ಟ ಚೌಕದ ಗುಂಡಿ, ಪಕ್ಕದಲ್ಲಿ ಒಂದು ನೀಲಿ ಫಲಕ. ಬೇಲಿಯ ಹೊರಗಿನ ಚಪ್ಪಡಿಯ ಮೇಲೆ ಹೆಬ್ಬೆರಳು ಒತ್ತಿದ ಮಣ್ಣಿನ ಬಿಲ್ಲೆಗಳಿವೆ. ಮಕ್ಕಳನ್ನು ಕಳೆದುಕೊಂಡವರು ಅವನ್ನು ತಂದಿಟ್ಟು, ಯಾರೊಡನೆಯೂ ಮಾತಾಡದೆ ಇಳಿದುಹೋಗುತ್ತಾರೆ. ಇಲ್ಲಿ ರೋಮನ್ ಚಿನ್ನದ ನಾಣ್ಯಗಳು ಸಿಕ್ಕವೆಂದು ಫಲಕ ಹೇಳುತ್ತದೆ. ಇದು ಮಗನ ಗುಡ್ಡ ಏಕಾಯಿತೆಂದು ಹೇಳುವುದಿಲ್ಲ. ಬರೆಸಿದವರು ಊರಿನಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು.

ಹಿಂದೆ ಒಮ್ಮೆ, ಪಡುವಣ ಕಡಲಿನ ರೇವುಗಳಿಗೆ ಹೋಗುವ ಹೇರೆತ್ತುಗಳು ಈ ದಾರಿಯಲ್ಲೇ ನಡೆಯುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಮಾಚೋಜನೆಂಬ ಅಕ್ಕಸಾಲಿ ಇದ್ದನು. ಅವನಿಗಿದ್ದ ಒಬ್ಬನೇ ಮಗ ಎಂಟನೆಯ ವಯಸ್ಸಿಗೆ ಹೊಳೆಯ ಪಾಲಾಗಿದ್ದ, ದೇಹವೂ ಸಿಕ್ಕಿರಲಿಲ್ಲ. ಆ ದುಃಖವನ್ನಾದರೂ ಮಾಚೋಜ ನುಂಗಿಕೊಂಡಾನು, ಆದರೆ ವರ್ಷ ತಿರುಗುವಷ್ಟರಲ್ಲಿ ಮಗನ ಮುಖ ಮರೆಯತೊಡಗಿತು. ಕಣ್ಣು ಮುಚ್ಚಿದರೆ ತಾನೇ ಮಾಡಿ ತೊಡಿಸಿದ್ದ ಕಿವಿಯ ಮುರು ಎಳೆಎಳೆಯಾಗಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಇದನ್ನು ಹೆಂಡತಿ ಹೊನ್ನವ್ವೆಗೂ ಹೇಳಲಾಗದೆ ಅವನು ಒಳಗೊಳಗೇ ಬೇಯುತ್ತಿದ್ದನು.

ಅಂಥ ದಿನಗಳಲ್ಲಿ ಕಡಲಾಚೆಯಿಂದ ವ್ಯಾಪಾರಕ್ಕೆ ಬಂದಿದ್ದ ಒಬ್ಬ ಮುದುಕ ಯವನನನ್ನು ಜೊತೆಗಾರರು ಮಾಚೋಜನ ಜಗಲಿಯಲ್ಲಿ ಮಲಗಿಸಿ ಮುಂದೆ ಹೋದರು. ಅವನಿಗೆ ಜ್ವರ ನೆತ್ತಿಗೇರಿತ್ತು. ಅವನ ಮಾತು ಇವರಿಗೆ ತಿಳಿಯದು, ಇವರ ಮಾತು ಅವನಿಗೆ ತಿಳಿಯದು. ಹೊನ್ನವ್ವೆ ಗಂಜಿ ಕುಡಿಸಿದಳು, ಮಾಚೋಜ ಹಣೆಗೆ ಒದ್ದೆಬಟ್ಟೆ ಹಾಕಿದ. ನಾಲ್ಕನೆಯ ದಿನ ಮುದುಕ ತನ್ನ ಗಂಟಿನಲ್ಲಿದ್ದ ಪುಟ್ಟ ಮಣ್ಣಿನ ಕುಡಿಕೆಯನ್ನು ಮಾಚೋಜನ ಕೈಗಿಟ್ಟು, ಅವನ ಬೆರಳುಗಳನ್ನು ಅದರ ಸುತ್ತ ಮಡಿಸಿ, ಪ್ರಾಣ ಬಿಟ್ಟನು.

ಕುಡಿಕೆಯ ತುಂಬ ಚಿನ್ನದ ಬಿಲ್ಲೆಗಳು. ಎಲ್ಲದರಲ್ಲೂ ಒಂದೇ ಮುಖ: ತಲೆಗೆ ಎಲೆಯ ಮಾಲೆ ಕಟ್ಟಿದ ಎಳೆಪ್ರಾಯದವನು. ಈ ಸೀಮೆಯ ನಾಣ್ಯಗಳಲ್ಲಿ ಆನೆ, ಮರ, ಬೆಟ್ಟ ಇರುತ್ತಿದ್ದವು. ಬದುಕಿರುವ ಅರಸನೊಬ್ಬ ತನ್ನ ಮುಖವನ್ನೇ ಹಣಕ್ಕೆ ಒತ್ತಿಸಿ ಸಂತೆಗೆ ಕಳಿಸುತ್ತಾನೆಂದರೆ ಇಲ್ಲಿನವರು ನಗುತ್ತಿದ್ದರು. ಇಲ್ಲಿ ರೂಪು ಕೆತ್ತುತ್ತಿದ್ದುದು ದೇವರಿಗೆ, ಇಲ್ಲವೆ ಸತ್ತವರಿಗೆ. ದೇವರೆನ್ನಲು ಆಯುಧವಿಲ್ಲ. ಹಾಗಾದರೆ ಸತ್ತವನೇ ಸರಿ, ಮುದುಕನ ಮಗನೇ ಸರಿ, ಎಲ್ಲಿ ಮರೆತುಹೋಗುವನೋ ಎಂದು ತಂದೆ ಮತ್ತೆ ಮತ್ತೆ ಅದೇ ಮುಖ ಒತ್ತಿಸಿದ್ದಾನೆ ಎಂದುಕೊಂಡ ಮಾಚೋಜ. ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅವನು ಗಟ್ಟಿಯಾಗಿ ಅತ್ತನು. ತನ್ನ ಮಗನಿಗಾಗಿಯೂ ಅವನು ಹಾಗೆ ಅತ್ತಿರಲಿಲ್ಲ ಎನ್ನುತ್ತಾರೆ.

ವಾರಸುದಾರರಿಲ್ಲದ ಪರದೇಶಿಯ ಸೊತ್ತು ನಾಡಿನ ಒಡೆಯನಿಗೆ ಸೇರಬೇಕು. ಸುದ್ದಿ ಮುಟ್ಟಿದ ಒಡೆಯ ಗಡುವು ಹಾಕಿ ಹೇಳಿಕಳಿಸಿದ: ಚಿನ್ನವನ್ನು ಕರಗಿಸಿ ನನ್ನ ಮಗಳ ಮದುವೆಗೆ ಡಾಬು ಮಾಡು, ತಪ್ಪಿದರೆ ಕೈ ಉಳಿಯದು. ಹೊನ್ನವ್ವೆ ಗಂಡನ ಮುಂದೆ ಕುಳಿತಳು.

“ಕರಗಿಸಿಬಿಡಿ. ಯಾರದೋ ಮಗನಿಗಾಗಿ ನಮ್ಮ ಅನ್ನಕ್ಕೆ ಯಾಕೆ ಕಲ್ಲು ಹಾಕ್ಕೊಳ್ತೀರಿ?”

“ಒಂದು ಮುಖಾನ ಹೊಳೆ ತಗೊಂಡು ಹೋಯ್ತು,” ಎಂದ ಮಾಚೋಜ. “ಇನ್ನೊಂದನ್ನ ನನ್ನ ಕೈಯಾರೆ ಬೆಂಕಿಗೆ ಹಾಕಲಾರೆ, ಹೊನ್ನಿ. ಅದಿರಲಿ, ನಮ್ಮ ಕೂಸಿನ ಮುಖಾನೇ ನನಗೀಗ ಕಣ್ಣಿಗೆ ಕಟ್ಟೋದಿಲ್ಲ.”

ಹೊನ್ನವ್ವೆ ಎದ್ದು ಒಳಗೆ ಹೋದಳು. ಮರುದಿನವೆಲ್ಲ ಮಾಚೋಜನ ಕುಲುಮೆಯಿಂದ ಹೊಗೆ ಎದ್ದಿತು. ಚಿನ್ನ ಕರಗುತ್ತಿದೆಯೆಂದು ಒಡೆಯನ ಕಡೆಯವರು ನೆಮ್ಮದಿಯಾಗಿದ್ದರು. ಗಡುವಿನ ದಿನ ಡಾಬೂ ಇಲ್ಲ, ಕುಡಿಕೆಯೂ ಇಲ್ಲ. ಎಲ್ಲಿ ಎಂದು ಕೇಳಿದರೆ ಮಾಚೋಜ ಒಂದೇ ಮಾತು ಹೇಳಿದ: “ಮಗನನ್ನ ಮಣ್ಣು ಮಾಡಿದೀನಿ, ಒಡೆಯಾ. ಹೂತವರನ್ನ ಅಗೆದು ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ.” ಒಡೆಯ ಅವನ ಬಲಗೈ ಹೆಬ್ಬೆರಳು ಕತ್ತರಿಸಿದನು, ಆದರೆ ಹೂತದ್ದನ್ನು ಅಗೆಯಲು ಊರಲ್ಲಿ ಯಾರೂ ಗುದ್ದಲಿ ಹಿಡಿಯಲಿಲ್ಲ. ಮುಂದೆ ಅವನು ಚಿನ್ನ ಮುಟ್ಟಲಿಲ್ಲ. ಉಳಿದ ಹೆಬ್ಬೆರಳಿನಿಂದ ಮಣ್ಣಿನ ಬಿಲ್ಲೆ ಒತ್ತಿ, ಗುಡ್ಡ ಹತ್ತಿ ಇಟ್ಟು ಬರುತ್ತಿದ್ದನು. ಜನ ಅದನ್ನು ಮಗನ ಗುಡ್ಡವೆಂದರು. ಆ ದಿನ ಕುಲುಮೆಯಲ್ಲಿ ಬೆಂದದ್ದೇನು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹೊನ್ನವ್ವೆಯ ಕಿವಿ ಅಂದಿನಿಂದ ಬರಿದಾಗಿತ್ತಂತೆ.

ಪುರಾತತ್ತ್ವದವರು ಅಗೆದಾಗ ಕುಡಿಕೆ ಸಿಕ್ಕಿತು. ನಾಣ್ಯದ ಮೇಲಿನ ಯುವಕ ರೋಮಿನ ಚಕ್ರವರ್ತಿಯೆಂದು ಅವರು ಹೇಳಿದರು. ಓದಿದವರು, ಅವರ ಮಾತು ಸುಳ್ಳಿರಲಾರದು. ಮಾಚೋಜ ತಪ್ಪು ತಿಳಿದಿದ್ದ, ಆ ತಪ್ಪಿಗೆ ಹೆಬ್ಬೆರಳು ಕೊಟ್ಟಿದ್ದ. ಆದರೆ ಕುಡಿಕೆಯ ತಳದಲ್ಲಿ ಬೇರೆಯದೇ ಒಂದು ಬಿಲ್ಲೆ ಇತ್ತು. ತೆಳು ಚಿನ್ನ, ಅಕ್ಷರವಿಲ್ಲ. ಅಗೆತದ ಅಧಿಕಾರಿ ಅದನ್ನು ಅಂಗೈಯಲ್ಲಿಟ್ಟು, ಮಣ್ಣು ಹೊರುತ್ತಿದ್ದ ಮುದುಕಿ ಸಣ್ಣೀರಮ್ಮನಿಗೆ ತೋರಿಸಿದರು.

“ಇದು ಯಾವ ರಾಜಂದೂ ಅಲ್ಲ ಅಜ್ಜಿ. ಕೆಲಸ ಅರ್ಧಕ್ಕೇ ನಿಂತಿದೆ.”

ಮುದುಕಿ ಬಗ್ಗಿ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು. “ಅರ್ಧ ಅಲ್ಲ ಸ್ವಾಮಿ,” ಎಂದಳು. “ಅವನಿಗೆ ನೆಪ್ಪಿದ್ದಷ್ಟು ಐತೆ.”

ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿ, ಚಕ್ರವರ್ತಿಯ ನಾಣ್ಯಗಳ ಸಾಲಿನ ಕೊನೆಗೆ, ಆ ಬಿಲ್ಲೆಯನ್ನು ಇಂದಿಗೂ ನೋಡಬಹುದು. ಒಂದು ಮಗುವಿನ ತಲೆಯ ಗೆರೆ, ಒಂದು ಕಿವಿ, ಕಿವಿಯಲ್ಲಿ ಎಳೆಎಳೆಯಾಗಿ ಬಿಡಿಸಿದ ಮುರು. ಮುಖವಿರಬೇಕಾದಲ್ಲಿ ನಯವಾಗಿ ಉಜ್ಜಿದ ಚಿನ್ನ ಮಾತ್ರ ಇದೆ.