ಗುಂಡುಕಲ್ಲಿಗೂ ಒಂದು ದಿನ ರಜ

ಕಾಲು ನೀಡಿಕೊಂಡು ಕೂತ್ಕೊಳ್ಳಿ ಮಕ್ಕಳೇ, ನಮ್ಮೂರ ಗರಡಿಯ ಆಳಿನ ಬುದ್ಧಿ ಎಂಥದ್ದು ಅಂತ ಹೇಳ್ತೀನಿ.

ಒಂದು ದಿನ ಶೇಕದಾರರು ಗರಡಿಗೆ ಬಂದು ಮೀಸೆ ತಿರುವಿದರು. "ಹದಿನೈದು ದಿನದಲ್ಲಿ ಅಮಲ್ದಾರರು ಬರ್ತಾರೆ. ಅವರ ಮುಂದೆ ಪೈಲ್ವಾನ್ ಬೋರಣ್ಣ ಈ ದೊಡ್ಡ ಗುಂಡುಕಲ್ಲು ಎತ್ತಬೇಕು. ದಿನಾ ಎತ್ತಿ ಅಭ್ಯಾಸ ಮಾಡಲಿ, ಒಂದು ದಿನವೂ ಬಿಡಕೂಡದು. ಎತ್ತದಿದ್ದರೆ ಗರಡಿಗೆ ಬೀಗ!"

ಎರಡೇ ದಿನಕ್ಕೆ ಬೋರಣ್ಣನ ಭುಜ ಊದಿಕೊಂಡಿತು. ಮೂರನೆಯ ದಿನ ಆಳು ಕಲ್ಲಿಗೆ ಹರಳೆಣ್ಣೆ ಬಳಿದು ಕೂತ.

"ಏನೋ ಇದು?" ಎಂದು ಶೇಕದಾರರು ಗದರಿದರು.

"ಬುದ್ಧೀ, ದಿನಾ ಎತ್ತಿ ಹಾಕಿದರೆ ಕಲ್ಲು ಬಿರುಕು ಬಿಡುತ್ತೆ. ದಿನ ಬಿಟ್ಟು ದಿನ ಎಣ್ಣೆ ಹಚ್ಚಿ ಮಲಗಿಸಬೇಕು. ಹಾಲು, ಬಾದಾಮಿ, ಮೊಳಕೆ ಹುರುಳಿ ಎಡೆ ಇಡಬೇಕು. ಅಮಲ್ದಾರರ ಮುಂದೆ ಒಡೆದರೆ ತಮ್ಮ ಹೆಸರು ಹೇಳಲಾ?"

ಶೇಕದಾರರು ಬೆವೆತರು. "ಅಯ್ಯೋ, ಮಲಗಿಸಯ್ಯ! ಎಡೆ ನಮ್ಮನೆಯಿಂದಲೇ ಬರುತ್ತೆ."

ಕಲ್ಲು ಮಲಗಿತು. ಜೊತೆಗೆ ಬೋರಣ್ಣನೂ ಮಲಗಿದ. ಎಡೆಯೆಲ್ಲ ಅವನ ಹೊಟ್ಟೆಗೇ ಹೋಯಿತು.

ಅಮಲ್ದಾರರು ಬಂದ ದಿನ ಬೋರಣ್ಣ ಕಲ್ಲನ್ನು ಹೂವಿನ ಬುಟ್ಟಿಯಂತೆ ಹೆಗಲಿಗೇರಿಸಿದ. "ನೋಡಿದಿರಾ, ಕಲ್ಲಿನ ಆರೈಕೆ ನಂದೇ!" ಅಂತ ಶೇಕದಾರರು ಎದೆಯುಬ್ಬಿಸಿದರು.

ಆಮೇಲೆ ಬೋರಣ್ಣ ಗರಡಿಗೆ ಉಸ್ತಾದನಾದ. ಶೇಕದಾರರು ವರ್ಗವಾಗಿ ಹೋದ ಊರಲ್ಲೆಲ್ಲ ಕಲ್ಲಿಗೆ ಹಾಲು ಕಳಿಸಿದರಂತೆ. ಆಳು ಆಳಾಗಿಯೇ ಉಳಿದ. ಆದರೆ ಅವನು ಹೂಂ ಅನ್ನದೆ ಉಸ್ತಾದನೂ ಕಲ್ಲು ಮುಟ್ಟುತ್ತಿರಲಿಲ್ಲ.