ಐದನೇ ಸ್ಥಳದಲ್ಲಿ ಇಳಿಸಿದ ಶಿಲುಬೆ

ಊರಂಚಿನಲ್ಲಿ, ತಮ್ಮ ಸಿಮೆಂಟ್ ಇಟ್ಟಿಗೆ ಕಾರ್ಖಾನೆಯ ತಗಡಿನ ಮಾಡಿನ ಕೆಳಗೇ ವಾಸವಾಗಿದ್ದ ಹವಾಲ್ದಾರ್ ಇನ್ನಾಸಪ್ಪನವರನ್ನು ನಮ್ಮ ಹಿರಿಯರು ಪುಣ್ಯಾತ್ಮರೆಂದೇ ನೆನೆಯುತ್ತಿದ್ದರು. ಸೈನ್ಯದಲ್ಲಿದ್ದಾಗ ಹಿಮ ಅವರ ಕಾಲ್ಬೆರಳುಗಳನ್ನು ತಿಂದುಹಾಕಿತ್ತು. ಕುಂಟುತ್ತಲೇ ಚರ್ಚಿನ ಅಂಗಳ ಗುಡಿಸುವರು. ಶುಭ ಶುಕ್ರವಾರ, ಯೇಸುವಿನ ಕೊನೆಯ ನಡಿಗೆಯನ್ನು ನೆನೆದು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿಯ ಮೆರವಣಿಗೆಯಲ್ಲಿ ಆಳೆತ್ತರದ ಮರದ ಶಿಲುಬೆಯನ್ನು ತಾವೇ ಹೊರುವರು.

ಅಂಥದೊಂದು ಶುಕ್ರವಾರ ನಸುಕಿನಲ್ಲಿ ಅದೇ ಊರಿನ ಚವರಪ್ಪನ ಹೆಂಡತಿ ಲೂರ್ದಮ್ಮ ತೀರಿಕೊಂಡಳು. ಚವರಪ್ಪ ಚರ್ಚಿನವರೊಡನೆ ಜಗಳವಾಡಿ ಅತ್ತ ಕಾಲಿಡುವುದನ್ನೇ ಬಿಟ್ಟಿದ್ದ. ಅವಳು ಮಾತ್ರ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಬಿಸಿಲೇರಿದರೂ ಶವಪೆಟ್ಟಿಗೆ ಮನೆಯಂಗಳದಲ್ಲೇ ಇತ್ತು. ಹೊರಬೇಕಾದವರೆಲ್ಲ ಮೆರವಣಿಗೆಯಲ್ಲಿದ್ದರು. ಚವರಪ್ಪನ ಮೈಯೆಲ್ಲ ಉರಿದುಹೋಯಿತು. ಓಡಿಬಂದು ದಾರಿಗೆ ಅಡ್ಡ ನಿಂತ.

"ಹೆಣ ಎತ್ತಬೇಕು. ನಾಲ್ಕು ಜನ ಬನ್ರೋ!"

ಐದನೇ ಸ್ಥಳದ ಪ್ರಾರ್ಥನೆ ಆಗತಾನೇ ಮುಗಿದಿತ್ತು. ದಾರಿಹೋಕ ಸಿಮೋನನು ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸ್ಥಳ ಅದು. ಚರ್ಚಿನ ಸಮಿತಿಯ ಹಿರಿಯ ಅರುಳಪ್ಪ ಮುಂದೆ ಬಂದ.

"ಆರಾಧನೆ ಮುಗೀಲಿ, ಸಂಜೆ ನೋಡೋಣ. ಇಷ್ಟು ವರ್ಷ ನಮ್ಮ ಮುಖ ಬೇಡವಾಗಿತ್ತು. ಇವತ್ತು ಹೆಗಲು ಬೇಕಾಯ್ತೇನಪ್ಪಾ?"

"ಥೂ ನಿಮ್ಮ! ನಿಮ್ಮ ಜೊತೆ ಮೊಣಕಾಲೂರಿದವಳು ಬಿಸಿಲಲ್ಲಿ ಬಿದ್ದಿದ್ದಾಳೆ. ಏನ್ರೀ ಹವಾಲ್ದಾರ್ರೇ, ನಿಮ್ಮ ನಾಟಕ ಇನ್ನೂ ಎಷ್ಟು ಹೊತ್ತು?"

ಯಾರೋ ಅವನ ಕೊರಳಪಟ್ಟಿ ಹಿಡಿದರು. ಇನ್ನಾಸಪ್ಪನವರ ಮುಖ ಕೆಂಡವಾಯಿತು. ಶಿಲುಬೆಯನ್ನು ಇಳಿಸಿ ಗೋಡೆಗೆ ಒರಗಿಸಿದರು. ಹೊಡೆಯಲು ಬರುತ್ತಾರೆಂದು ಚವರಪ್ಪ ಮುಷ್ಟಿ ಬಿಗಿದ.

ಅವರು ತಿರುಗಿದ್ದು ಅರುಳಪ್ಪನ ಕಡೆಗೆ. "ಸಿಮೋನನ ಕಥೆ ಈಗತಾನೇ ಕೇಳಿದೆಯಲ್ಲ, ಕಿವಿ ಇಲ್ವೇನೋ ನಿನಗೆ?" ಆ ಗುಡುಗಿಗೆ ಮೆರವಣಿಗೆಯ ಕೊನೆಯಲ್ಲಿ ಹಾಡುತ್ತಿದ್ದವರೂ ಬಾಯಿ ಮುಚ್ಚಿದರು. "ಈ ಮರ ಕಾಯುತ್ತೆ. ಆ ತಾಯಿ ಕಾಯೋದಿಲ್ಲ."

ಬಳಿಕ ಗುರುಗಳತ್ತ ನೋಡಿ, "ಫಾದರ್, ಆರನೇ ಸ್ಥಳ ಇವನ ಮನೆ" ಎಂದರು.

ಗುರುಗಳು ಪುಸ್ತಕ ಮುಚ್ಚಿ ಅವರ ಹಿಂದೆ ನಡೆದರು. ಜನರೂ ನಡೆದರು. ಪೆಟ್ಟಿಗೆಯ ಮುಂಭಾಗಕ್ಕೆ ಒಂದು ಕಡೆ ಇನ್ನಾಸಪ್ಪನವರು, ಇನ್ನೊಂದು ಕಡೆ ಚವರಪ್ಪ. ಅವರು ಕುಂಟಿದಾಗಲೆಲ್ಲ ಪೆಟ್ಟಿಗೆ ವಾಲುತ್ತಿತ್ತು. ಚವರಪ್ಪ ತನ್ನ ಹೆಗಲನ್ನೂ ತಗ್ಗಿಸಿ ಸರಿಮಾಡುತ್ತಿದ್ದ.

ಗುಂಡಿಯ ಬಳಿ ಅರುಳಪ್ಪ ಮಣ್ಣು ಹಾಕಲು ಬಾಗಿದ. "ಮುಟ್ಟಿದರೆ ಕೈ ಮುರೀತೀನಿ!" ಎಂದು ಚವರಪ್ಪ ನುಗ್ಗಿದ.

ಇನ್ನಾಸಪ್ಪನವರು ಅವನ ತೋಳು ಹಿಡಿದರು. "ಸಿಟ್ಟು ಬೇಕಾದರೆ ಇಟ್ಟುಕೊ. ದಾರಿ ಬಿಡು."

ಹಲ್ಲು ಕಚ್ಚಿಕೊಂಡೇ ಚವರಪ್ಪ ಪಕ್ಕಕ್ಕೆ ಸರಿದ. ಅವನ ಕಣ್ಣಲ್ಲಿ ಆಗ ನೀರು ಬಂತು.

ಮರುವರ್ಷ ಅರುಳಪ್ಪನ ತಾಯಿ ತೀರಿಕೊಂಡರು. ಧೋ ಎಂದು ಮಳೆ. ಹೊರಲು ಬಂದವರು ಕಡಿಮೆ. ಯಾರೂ ಕರೆಯದಿದ್ದರೂ ಮೊದಲು ಬಂದು ನಿಂತವನು ಚವರಪ್ಪ. ದಾರಿಯುದ್ದಕ್ಕೂ ಅರುಳಪ್ಪನನ್ನು ಬೈಯುತ್ತಲೇ ನಡೆದ. ಸಮಾಧಿ ಮುಟ್ಟುವವರೆಗೆ ಒಮ್ಮೆಯೂ ಹೆಗಲು ಬದಲಿಸಲಿಲ್ಲ.