ಉಡಿಕೆಯ ಸೀರೆ

"ಗುರುಗಳೇ, ಹೋದವರ ಮೇಲೆ ನಿಜವಾದ ಪ್ರೀತಿ ಇದ್ದಿದ್ದರೆ ಮನಸ್ಸು ಇನ್ನೊಬ್ಬರ ಕಡೆಗೆ ಹೇಗೆ ತಿರುಗುತ್ತದೆ?"

ಕೇಳಿದವನು ಚನ್ನಮಲ್ಲ. ಮಠಕ್ಕೆ ನಡೆದುಕೊಳ್ಳುವ ಸಂಸಾರಸ್ಥ ಶಿಷ್ಯ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಸಂಜೆಯ ಪೂಜೆ ಮುಗಿದು ಉಳಿದವರೆಲ್ಲ ಎದ್ದುಹೋದರೂ ಅವನು ಕೂತೇ ಇದ್ದ. ಏನು ವಿಷಯ ಎಂದು ಗುರುಗಳು ಕೇಳಿದ ಮೇಲೆ ಬಾಯಿಬಿಟ್ಟ. ಅವನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಅವನ ತಂದೆ ವಿಧವೆಯೊಬ್ಬಳನ್ನು ಕೈಹಿಡಿದು ಮನೆಗೆ ಕರೆತರುವ ಮಾತಾಡುತ್ತಿದ್ದಾನೆ. ಮಗ ಒಪ್ಪಿದರೆ ಸರಿ, ಒಪ್ಪದಿದ್ದರೆ ಬೇಡ ಎಂದೂ ಹೇಳಿದ್ದಾನೆ. ಅವ್ವನ ಜೊತೆ ಅಷ್ಟು ವರ್ಷ ಬಾಳಿದ್ದೆಲ್ಲ ಹಾಗಾದರೆ ಸುಳ್ಳೇ ಎಂಬುದು ಚನ್ನಮಲ್ಲನ ಸಂಕಟ. ಗುರುಗಳು ಒಂದು ಮಾತು ಹೇಳಿದರೆ ಅಪ್ಪ ಸುಮ್ಮನಾಗುತ್ತಾನೆ ಎಂಬುದು ಅವನ ಬೇಡಿಕೆ.

ಶಾಸ್ತ್ರ ಬೇಕಿದ್ದರೆ ಪುಸ್ತಕ ನೋಡು, ನನ್ನ ಹತ್ತಿರ ಇರುವುದು ಒಂದು ಕತೆ, ಅದೂ ಕಹಿ ಕತೆ ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಉಣ್ಣೆ ನೂಲುವುದು ಅವಳ ಕೆಲಸ. ಅದೇ ಬೀದಿಯಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಅವಳು ಮದುವೆಯಾಗಿ ಆ ಊರಿಗೆ ಬಂದ ಹೊಸದರಲ್ಲಿ ನೂತ ನೂಲು ಅವನ ಮಗ್ಗಕ್ಕೇ ಹೋಗುತ್ತಿತ್ತು, ಮುದುಕಿಯಾದ ಮೇಲೂ ಅಲ್ಲಿಗೇ ಹೋಗುತ್ತಿತ್ತು. ಅದರಲ್ಲಿ ವಿಶೇಷವೇನೂ ಇಲ್ಲ. ಆ ಕಡೆ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ.

ಅವಳ ಗಂಡ ಕುರಿ ಕಾಯುವವನು, ಒಳ್ಳೆಯವನು. ಇಬ್ಬರೂ ಚೆನ್ನಾಗಿ ಬಾಳಿದರು. ಅವನು ಹಾಸಿಗೆ ಹಿಡಿದಾಗ ಅವಳು ಒಂದು ದಿನವೂ ಮುಖ ಸಿಂಡರಿಸದೆ ಆರೈಕೆ ಮಾಡಿದಳು. ಸತ್ತಾಗ ಕರುಳು ಕಿತ್ತು ಬರುವ ಹಾಗೆ ಅತ್ತಳು. ಊರಿನವರು ಹೊಸ ಸೊಸೆಯಂದಿರಿಗೆ ಅವಳನ್ನು ತೋರಿಸಿ, ಬಾಳಿದರೆ ಹಾಗೆ ಬಾಳಬೇಕು ಅನ್ನುತ್ತಿದ್ದರು. ಊರಿನವರಿಗೇನು, ಹೊಗಳುವುದಕ್ಕೆ ಮೈ ಬಗ್ಗಿಸಬೇಕಾಗಿಲ್ಲ.

ಮುದುಕಿಗೆ ಒಬ್ಬನೇ ಮಗ, ಅವನಿಗೊಬ್ಬಳು ಮಗಳು. ಸೊಸೆ ಹೆರಿಗೆಯಲ್ಲೇ ಕಣ್ಣುಮುಚ್ಚಿದಳು. ಕೂಸನ್ನು ಅಜ್ಜಿಯೇ ಎದೆಗವಚಿಕೊಂಡು ಸಾಕಿದಳು. ಹುಡುಗಿ ದೊಡ್ಡವಳಾಗಿ ಪಕ್ಕದ ಊರಿನ ಗಾಣಿಗರ ಹುಡುಗನನ್ನು ಮೆಚ್ಚಿದಳು. ವಿಷಯ ಹೊರಬಿದ್ದ ದಿನ ಮನೆ ರಣರಂಗವಾಯಿತು. ಬೇರೆ ಜಾತಿ, ಬೇರೆ ಕಸುಬು, ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ ಎಂದು ಅಪ್ಪ ಕೂಗಾಡಿದ. ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ತಮ್ಮವರಲ್ಲೇ ಗಂಡು ಹುಡುಕಲು ಹೊರಟ.

ಆಗ ಹುಡುಗಿಯ ಪರವಾಗಿ ನಿಂತವಳು ಅಜ್ಜಿ ಒಬ್ಬಳೇ. ಮಗನ ಬೈಗುಳಕ್ಕೆ ಜಗ್ಗಲಿಲ್ಲ. ಕೋಣೆಯ ಚಿಲಕವನ್ನು ತಾನೇ ತೆಗೆದಳು. ಗಾಣಿಗರ ಊರಿಗೆ ನಡೆದುಕೊಂಡು ಹೋಗಿ ಅವರ ಜಗಲಿಯ ಮೇಲೆ ಕೂತಳು. ಅವರು ಕುಡಿಯಲು ನೀರು ಕೂಡ ಕೊಡಲಿಲ್ಲ, ಆದರೂ ಒಪ್ಪಿಸಿಯೇ ಎದ್ದಳು. ಮುದುಕಿಗೆ ಅರಳುಮರಳು ಎಂದು ಬೀದಿಯೆಲ್ಲ ಆಡಿಕೊಂಡಿತು. ಅಂತೂ ಮದುವೆಯಾಯಿತು. ಗಂಡ ಸತ್ತವಳು ಚಪ್ಪರದೊಳಗೆ ಬರುವಂತಿಲ್ಲವಲ್ಲ, ಅಡುಗೆಮನೆಯ ಬಾಗಿಲ ಸಂದಿಯಿಂದ ತಾಳಿ ಕಟ್ಟುವುದನ್ನು ನೋಡಿದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಮೊಮ್ಮಗಳು ಗಂಡನ ಮನೆಗೆ ಹೋದ ಮೇಲೆ ಮನೆ ಬಿಕೋ ಎಂದಿತು. ಮಗ ತಾಯಿಯ ಜೊತೆ ಮಾತು ಬಿಟ್ಟಿದ್ದ. ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಈ ಕಡೆ ಬರುತ್ತಿರಲಿಲ್ಲ. ಕಂಬಳಿಯವನ ಹೆಂಡತಿಯೂ ಅಷ್ಟರಲ್ಲಿ ತೀರಿಕೊಂಡಿದ್ದಳು. ನೂಲಿಗೆ ಯಾರನ್ನಾದರೂ ಕಳಿಸುತ್ತಿದ್ದವನು ಈಗ ತಾನೇ ಬರತೊಡಗಿದ. ಬಂದವನು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಅವನು ತನ್ನ ಹೆಂಡತಿಯ ಮಾತಾಡುತ್ತಿದ್ದ, ಇವಳು ತನ್ನ ಗಂಡನ ಮಾತಾಡುತ್ತಿದ್ದಳು. ಸತ್ತವರಿಬ್ಬರನ್ನೂ ನಡುವೆ ಕೂರಿಸಿಕೊಂಡೇ ಇವರಿಬ್ಬರೂ ಹತ್ತಿರವಾದರು. ಮುಖ ಗಂಟುಹಾಕಬೇಡ ಚನ್ನಮಲ್ಲ, ಆ ವಯಸ್ಸಿನಲ್ಲಿ ಹಾಗೆಯೇ ಆಗುತ್ತದೆ.

ಒಂದು ದಿನ ಕಂಬಳಿಯವನು ಅವಳಿಗೆ ಹೇಳಿದ: "ನನಗೀಗ ಕಣ್ಣು ಮಂಜು. ನಿನ್ನ ನೂಲಾದ್ರೆ ಕೈಗೇ ಗೊತ್ತಾಗ್ತದೆ, ಹೇಗೋ ನೇಯ್ತೀನಿ. ಇರೋಷ್ಟು ದಿನ ಒಂದೇ ಒಲೆ ಹಚ್ಚೋಣ."

ಅವಳು ನೂಲುವ ಕದಿರು ತಿರುಗಿಸುತ್ತಲೇ ಇದ್ದಳು. ಅವನು ನಾಚಿಕೊಂಡು ಎದ್ದುಹೋದ, ಬಹಳ ದಿನ ಮುಖ ತೋರಿಸಲಿಲ್ಲ. ಮತ್ತೆ ಬಂದಾಗ ಅವಳು ಕೇಳಿದ್ದು ಇಷ್ಟೇ: ಸೀರೆ ಯಾವ ಬಣ್ಣದ್ದು ತರುತ್ತೀಯ ಎಂದು. ಕಣ್ಣು ಕಾಣದವನನ್ನು ಬಣ್ಣ ಕೇಳಿದಳು ನೋಡು. ಅಷ್ಟು ಖುಷಿಯಾಗಿತ್ತು ಅವಳಿಗೆ.

ಗಂಡ ಸತ್ತವಳು ಇನ್ನೊಬ್ಬನ ಕೈಹಿಡಿಯುವುದನ್ನು ಆ ಕಡೆ ಉಡಿಕೆ ಅನ್ನುತ್ತಾರೆ. ಚಪ್ಪರವಿಲ್ಲ, ವಾದ್ಯವಿಲ್ಲ. ಗಂಡು ಒಂದು ಸೀರೆ ತರುತ್ತಾನೆ. ಹೆಣ್ಣು ಅದನ್ನು ಉಟ್ಟು ಮಣೆಯ ಮೇಲೆ ಕೂರುತ್ತಾಳೆ. ಅವಳ ಮನೆಯ ಹೆಂಗಸೊಬ್ಬಳು ಬಂದು ಆ ಸೀರೆಯ ಸೆರಗನ್ನು ಅವಳ ತಲೆಯ ಮೇಲೆ ಹೊದಿಸಬೇಕು. ನಮ್ಮ ಮನೆಯವಳನ್ನು ನಾವೇ ಕೊಟ್ಟೆವು ಎಂದು ಅದರ ಅರ್ಥ. ಸೆರಗು ಹೊದಿಸುವವರು ಇಲ್ಲದೆ ಗಂಡಿನ ಮನೆಗೆ ಹೋದವಳು ಓಡಿಹೋದವಳ ಲೆಕ್ಕ. ಅಂಥವಳಿಗೆ ಊರಿನವರು ಬೆಂಕಿಯನ್ನೂ ಕೊಡುವುದಿಲ್ಲ, ನೀರನ್ನೂ ಕೊಡುವುದಿಲ್ಲ.

ಮುದುಕಿಯ ಮನೆಯಲ್ಲಿ ಹೆಂಗಸು ಎಂದರೆ ಮೊಮ್ಮಗಳು ಒಬ್ಬಳೇ. ಅವಳಿಗೆ ಹೇಳಿಕಳಿಸಿದಳು. ಒಪ್ಪುತ್ತಾಳೋ ಇಲ್ಲವೋ ಎಂಬ ಅನುಮಾನ ಮುದುಕಿಯ ತಲೆಯಲ್ಲಿ ಸುಳಿಯಲೂ ಇಲ್ಲ. ಮನಸ್ಸು ಮೆಚ್ಚಿದವನಿಗಾಗಿ ಕೋಣೆಯಲ್ಲಿ ಅನ್ನ ನೀರು ಬಿಟ್ಟು ಕೂತಿದ್ದ ಹುಡುಗಿ, ಅವಳಿಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾಗಬೇಕು ಎಂದುಕೊಂಡಳು. ಕಂಬಳಿಯವನಿಗೆ ಸೋಮವಾರ ಸಂಜೆ ಬಾ ಎಂದಳು.

ಸೋಮವಾರ ಬೆಳಿಗ್ಗೆ ಮೊಮ್ಮಗಳು ಬಂದಳು. ಕಣ್ಣು ಆಗಲೇ ಕೆಂಪಾಗಿದ್ದವು. ಗಂಡನ ಮನೆಯಲ್ಲಿ ಅವಳು ಪಟ್ಟದ್ದನ್ನೆಲ್ಲ ಮೊದಲು ಹೇಳಿಕೊಂಡಳು. ಜಾತಿ ಬಿಟ್ಟು ಬಂದವಳೆಂದು ಅವಳನ್ನು ಎಷ್ಟೋ ದಿನ ಒಲೆ ಮುಟ್ಟಲು ಬಿಟ್ಟಿರಲಿಲ್ಲವಂತೆ. ಈಗಷ್ಟೇ ಅತ್ತೆ ಅಡುಗೆಮನೆ ಒಪ್ಪಿಸಿದ್ದಾಳೆ. ಹೊಟ್ಟೆಯಲ್ಲಿ ಮಗು ಬೇರೆ ಇದೆ. ಅಜ್ಜಿಯ ಉಡಿಕೆ ಎಂದರೆ ಅವರೆಲ್ಲ ಬಾಯಿಗೆ ಸೆರಗು ಅಡ್ಡ ಇಟ್ಟು ನಗುವುದಿಲ್ಲವೇ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ಭಯವೂ ನಿಜವಾದದ್ದೇ.

ಆಮೇಲೆ ಅವಳು ಅಸಲು ಮಾತಿಗೆ ಬಂದಳು.

"ನೀನೂ ಅಜ್ಜನೂ ಬಾಳಿದ ಹಾಗೆ ಬಾಳಬೇಕು ಅಂತಲೇ ಅಲ್ಲವಾ ಅಜ್ಜಿ ನಾನು ಅವನ ಕೈಹಿಡಿದಿದ್ದು? ಅದನ್ನೇ ಸುಳ್ಳು ಮಾಡ್ತೀಯಾ?"

"ಸುಳ್ಳಲ್ಲ ಕಣೇ. ನಿಮ್ಮಜ್ಜನ ಜೊತೆ ಬಾಳಿದ್ದಕ್ಕೇ ಒಬ್ಬಳೇ ಇರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು."

ಮೊಮ್ಮಗಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕು, ಬೇಕಾದರೆ ನಮ್ಮ ಮನೆಗೇ ಬಂದಿರು, ಹೊತ್ತು ಹೊತ್ತಿಗೆ ಊಟ ಹಾಕುತ್ತೇನೆ ಎಂದಳು. ತಾನು ಹಿಂದೆ ಅವಳಿಗಾಗಿ ಮಾಡಿದ್ದನ್ನು ಮುದುಕಿ ಎತ್ತಿ ಆಡಬಹುದಾಗಿತ್ತು, ಆಡಲಿಲ್ಲ. ಮಧ್ಯಾಹ್ನದ ಗಾಡಿಗೆ ಮೊಮ್ಮಗಳು ಹೊರಟುಬಿಟ್ಟಳು.

ದಾರಿಯಲ್ಲಿ ಮನಸ್ಸು ಕರಗಿ ಅವಳು ತಿರುಗಿ ಬರುತ್ತಾಳೆ ಎಂದು ಮುದುಕಿ ನಂಬಿದಳು. ಸಾಕಿದ ಮಕ್ಕಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಕಂಬಳಿಯವನಿಗೆ ಬರಬೇಡ ಎಂದು ಹೇಳಿಕಳಿಸಲಿಲ್ಲ.

ಸಂಜೆ ಅವನು ಬಂದ. ಜೊತೆಗೆ ಊರಿನ ಹಿರಿಯನೊಬ್ಬ ಬಂದ. ಸೀರೆ ಹಸಿರು ಬಣ್ಣದ್ದು, ಯಾರನ್ನೋ ಕೇಳಿ ಆರಿಸಿ ತಂದಿದ್ದ. ಮುದುಕಿ ಅದನ್ನು ಉಟ್ಟು ಮಣೆಯ ಮೇಲೆ ಕೂತಳು. ಸೆರಗು ತೊಡೆಯ ಮೇಲೆ ಬಿದ್ದಿತ್ತು. ದಾರಿಯ ಕಡೆ ನೋಡುತ್ತಾ ಕೂತಳು. ದೀಪ ಹಚ್ಚುವ ಹೊತ್ತಾಯಿತು. ನೆರೆಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ ನೋಡಿದರೇ ಹೊರತು ಒಬ್ಬರೂ ಒಳಗೆ ಬರಲಿಲ್ಲ. ಬಂದಿದ್ದರೂ ಸೆರಗು ಹೊದಿಸಲು ಅವರು ಆ ಮನೆಯವರಲ್ಲ. ಕೊನೆಗೆ ಹಿರಿಯ ಎದ್ದು, ಕಂಬಳಿಯವನ ಭುಜ ಮುಟ್ಟಿ, ಏಳಪ್ಪ ಎಂದ.

ಮುದುಕಿ ಒಳಗೆ ಹೋಗಿ ತನ್ನ ಹಳೆಯ ಸೀರೆ ಉಟ್ಟು ಬಂದಳು. ಹಸಿರು ಸೀರೆಯನ್ನು ಮಡಿಸಿ ಅವನ ಕೈಗೆ ಕೊಟ್ಟಳು. ಇಟ್ಟುಕೋ ಎಂದ ಅವನು. ಎಲ್ಲಿ ಇಟ್ಟುಕೊಳ್ಳಲಿ ಎಂದಳು ಅವಳು. ಅವನು ಸೀರೆಯನ್ನು ಕಂಕುಳಲ್ಲಿ ಹಿಡಿದು ಗೋಡೆ ತಡವಿಕೊಂಡು ಹೊರಟುಹೋದ.

ಅವಮಾನಕ್ಕೆ ಅವನು ಮತ್ತೆ ನೂಲಿಗೆ ಬರಲಿಲ್ಲ. ಬೇರೆಯವರ ನೂಲು ತರಿಸಿದ, ಅದು ಅವನ ಕೈಗೆ ಹತ್ತಲಿಲ್ಲ. ಮಗ್ಗ ನಿಂತಿತು. ಆ ವರ್ಷದ ಚಳಿಯಲ್ಲಿ ಅವನೂ ಹೋದ. ಮುದುಕಿ ಬೀದಿಯ ಹೆಂಗಸರ ಹಿಂದೆ ದೂರದಲ್ಲಿ ನಿಂತು ಹೆಣ ಹೋಗುವುದನ್ನು ನೋಡಿದಳು. ಹತ್ತಿರ ಹೋಗಿ ಅಳುವುದಕ್ಕೆ ಅವಳು ಅವನಿಗೆ ಏನಾಗಬೇಕಿತ್ತು? ಮನೆಗೆ ಬಂದು ಕದಿರನ್ನು ಅಟ್ಟಕ್ಕೆ ಎಸೆದಳು.

ಅವಳು ಮಾತ್ರ ಬಹಳ ವರ್ಷ ಬದುಕಿದಳು. ಮೊಮ್ಮಗಳು ಮಾತಿಗೆ ತಪ್ಪಲಿಲ್ಲ, ಕರೆದುಕೊಂಡು ಹೋಗಿ ಮನೆಯಲ್ಲಿಟ್ಟುಕೊಂಡು ಹೊತ್ತು ಹೊತ್ತಿಗೆ ಊಟ ಹಾಕಿದಳು. ತನ್ನ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸಿ, ಒಬ್ಬನನ್ನೇ ನೆನೆದು ಜೀವ ಸವೆಸಿದವಳು ಎನ್ನುತ್ತಿದ್ದಳು. ಮುದುಕಿ ಕಿವಿ ಕೇಳಿಸದವಳ ಹಾಗೆ ಕೂತಿರುತ್ತಿದ್ದಳು. ಸತ್ತ ಮೇಲೆ ಅವಳನ್ನು ಊರಿಗೆ ತಂದು, ಗಂಡನ ಕಂಬಳಿಯನ್ನೇ ಹೊದಿಸಿ, ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ಆ ಕಂಬಳಿ ನೇಯ್ದವನು ಯಾರೆಂದು ಒಬ್ಬರಿಗೂ ನೆನಪಾಗಲಿಲ್ಲ. ಎಂಥಾ ಪ್ರೀತಿ ಎಂದು ಊರೆಲ್ಲ ಕಣ್ಣೀರು ಹಾಕಿತು. ಮೊಮ್ಮಗಳು ಎಲ್ಲರಿಗಿಂತ ಹೆಚ್ಚು ಅತ್ತಳು, ಮನಸ್ಸಿನಿಂದಲೇ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ತಾನು ಮಾಡಿದ್ದೇನು ಎಂದು ಆ ಮೊಮ್ಮಗಳಿಗೆ ಯಾವತ್ತಾದರೂ ತಿಳಿಯಿತೇ ಎಂದು ಕೇಳಿದ. ಇಲ್ಲ, ಅಜ್ಜಿಯ ಮರ್ಯಾದೆ ಉಳಿಸಿದೆ ಎಂದೇ ಅವಳು ಕೊನೆಯವರೆಗೂ ತಿಳಿದಿದ್ದಳು ಎಂದರು ಗುರುಗಳು.

"ಹಾಗಾದರೆ ಅಪ್ಪನಿಗೆ ನಾನು ಏನು ಹೇಳಲಿ?"

"ಅದನ್ನು ನಾಳೆ ನೋಡೋಣ, ಹೊತ್ತಾಯಿತು, ಮನೆಗೆ ಹೋಗು, ನಿನ್ನ ಹೆಂಡತಿ ಊಟ ಮಾಡದೆ ನಿನಗಾಗಿ ಕಾಯುತ್ತಿರುತ್ತಾಳೆ."